ಎರಡೂವರೆ ಕಿಲೋ ನೀರು

ಉಡುಪಿಯ ಈ ವಾರ್ಡಿನ ಫೈಲಿನಲ್ಲಿ
ರುಕ್ಕು ಸುವರ್ಣ, ಅರುವತ್ತಮೂರು.
ಮಲ್ಪೆಯಲ್ಲಿ ರುಕ್ಕು ಮರಕಾಲ್ತಿ ಅಂದರೇ ದಾರಿ ತೋರಿಸುತ್ತಾರೆ.
ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತಿದಳು:
ಐವತ್ತನಾಲ್ಕು ಕಿಲೋ ಆರುನೂರು.
"ಇದರಲ್ಲಿ ಎರಡೂವರೆ ಕಿಲೋ ನಾನಲ್ಲ,
ಬರೇ ನೀರು. ಬೇಗ ತೆಗೆ ಬಾಯಮ್ಮ,
ಬಸ್ಸಿಗೆ ಹೊತ್ತಾಗ್ತದೆ."

ಎರಡು ಸೂಜಿ.
ಒಂದರಲ್ಲಿ ಹೋಗುವ ರಕ್ತ, ಇನ್ನೊಂದರಲ್ಲಿ ಬರುವ ರಕ್ತ.
ನಡುವೆ ಗೇಣಿಗಿಂತ ತುಸು ಉದ್ದದ ಕೊಳವೆ,
ಅದರೊಳಗೆ ಕೂದಲಿನಂಥ ಸಾವಿರಾರು ಟೊಳ್ಳು ಎಳೆ.
ಎಳೆಯ ಒಳಗೆ ಅವಳು,
ಹೊರಗೆ ನಾನು ಹದಮಾಡಿಟ್ಟ ನೀರು;
ಇದು ಕೆಳಗೆ ಹರಿದರೆ ಅದು ಮೇಲೆ,
ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಮನೆಯ ಹಾಗೆ.

"ಗೋಡೆಗೆ ತೂತು ಉಂಟಾ?"
ಉಂಟು ರುಕ್ಕಕ್ಕ, ಕಣ್ಣಿಗೆ ಕಾಣದ್ದು.
ಯೂರಿಯಾ ನುಸುಳುತ್ತದೆ. ಪೊಟ್ಯಾಸಿಯಂ ನುಸುಳುತ್ತದೆ,
ಮೊನ್ನೆ ನೀವು ಕದ್ದು ಕುಡಿದ ಬೊಂಡದ್ದು.
ರಕ್ತದ ಕಣ ದೊಡ್ಡದು, ಉಳಿಯುತ್ತದೆ.
"ಹಾಗಾದರೆ ಬಲೆ ಅನ್ನು.
ಬಲೆಯ ಕಣ್ಣಿಗೆ ತಕ್ಕ ಮೀನು."
ಬಲೆಯೇ. ಆದರೆ ಎಳೆಯುವವರು ಯಾರೂ ಇಲ್ಲ.
ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ
ತಾವಾಗಿಯೇ ಹೋಗುತ್ತವೆ, ಎರಡೂ ಕಡೆ ಸಮವಾಗುವವರೆಗೆ.
ಸಮವಾಗಲು ನಾವು ಬಿಡುವುದಿಲ್ಲ,
ಅದಕ್ಕೇ ಹೊಸ ನೀರು ಹರಿಸುತ್ತಲೇ ಇರುವುದು.

ನಕ್ಕಳು. ನಲವತ್ತು ವರ್ಷ
ಬಂಗುಡೆಯ ಬೆನ್ನು ಸೀಳಿ ಉಪ್ಪು ತುಂಬಿದ ಕೈ ಅದು.
"ಇದನ್ನು ಕಲಿಯಲಿಕ್ಕೆ ನಿನ್ನ ಕಾಲೇಜಿಗೆ ಎಷ್ಟು ಫೀಸು?
ಉಪ್ಪು ಕರೆದರೆ ನೀರು ಮೀನಿನಲ್ಲಿ ಕೂರುವುದಿಲ್ಲ.
ರಾತ್ರಿ ತೊಟ್ಟಿಗೆ ಹಾಕು, ಬೆಳಿಗ್ಗೆ ನೋಡು:
ಮೀನು ಗಟ್ಟಿ, ತೊಟ್ಟಿ ತುಂಬ ನೀರು.
ನಾನು ಒಂದು ಹನಿ ಹೊಯ್ದವಳಲ್ಲ."

(ಹೈಸ್ಕೂಲಿನಲ್ಲಿ ಬಟಾಟೆ ಕೊರೆದು, ಸಕ್ಕರೆಪಾಕ ತುಂಬಿ,
ಏರಿದ ನೀರಿಗೆ ಗುಂಡುಸೂಜಿ ಚುಚ್ಚಿ ಗುರುತಿಟ್ಟಿದ್ದೆ.
ಐದಕ್ಕೆ ನಾಲ್ಕು ಅಂಕ.
ಉಳಿದ ಒಂದು ಯಾಕೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ.)

ಆಮೇಲೆ ಕೇಳಿದಳು: ನಮ್ಮ ಮೈಯೊಳಗೂ ಹೀಗೇನಾ,
ತಾನಾಗಿ ಹೋಗಿ, ತಾನಾಗಿ ಬಂದು?
ಎಲ್ಲವೂ ಹಾಗಲ್ಲ. ಕೋಶದ ಪೊರೆಗೆ ಬಾಗಿಲುಂಟು,
ಬಾಗಿಲಲ್ಲಿ ಆಳುಂಟು.
ಮೂರು ಸೋಡಿಯಂ ಹೊರಗೆ ದೂಡಿ
ಎರಡು ಪೊಟ್ಯಾಸಿಯಂ ಒಳಗೆಳೆದುಕೊಳ್ಳುತ್ತಾನೆ,
ಹರಿವಿಗೆ ಎದುರಾಗಿ, ಹಗಲೂ ಇರುಳೂ;
ಸಲಕ್ಕೊಂದು ಕೂಲಿ ಕೊಡಬೇಕು.
"ಅಯ್ಯೋ, ನಮ್ಮ ದಕ್ಕೆಯ ಲೆಕ್ಕ ಅದು!
ಮೂರು ಬುಟ್ಟಿ ಮೀನು ಮೇಲೆ, ಎರಡು ಮಂಜುಗಡ್ಡೆ ಬೋಟಿಗೆ,
ಸಲಕ್ಕೊಂದು ಟೋಕನ್.
ನನ್ನ ಗಂಡ ಶೀನ ಕೊನೆಯವರೆಗೂ ಹೊತ್ತದ್ದು ಅದನ್ನೇ.
ಟೋಕನ್ ನಿಂತ ದಿವಸ
ಬುಟ್ಟಿ ಅಲ್ಲಲ್ಲೇ ನಿಂತಿತು."

ಆಳು ನಿಂತರೆ ಒಳಗೂ ಹೊರಗೂ ಸಮ, ಅಂದೆ.
ಸಮವಾದರೆ ಕೋಶ ಸತ್ತಂತೆ.
ಹೇಳಬಾರದಿತ್ತು.
ಅವಳು ಎಂತದೂ ಹೇಳಲಿಲ್ಲ.
ರಕ್ತದೊತ್ತಡ ನೂರಹತ್ತು, ಎಪ್ಪತ್ತು. ಬರೆದುಕೊಂಡೆ.

ಮೂರನೇ ಗಂಟೆಗೆ, ಸೂಜಿಯಿಲ್ಲದ ಕೈಯಲ್ಲಿ
ಚೀಲದಿಂದ ಒಂದು ಗಂಟು ತೆಗೆದಳು.
"ಒಣ ಸಿಗಡಿ. ನಿನಗೆ.
ನನಗೆ ಹೇಗೂ ಉಪ್ಪು ಕೊಡುವವರಿಲ್ಲ."
ಎರಡು ಪ್ಲಾಸ್ಟಿಕ್, ಮೇಲೊಂದು ಪೇಪರು, ರಬ್ಬರ್ ಬ್ಯಾಂಡು,
ಯಾವುದೂ ತಡೆಯಲಿಲ್ಲ.
ಮಂಚದಿಂದ ಮಂಚಕ್ಕೆ ನಡೆಯಿತು ವಾಸನೆ
ಆಳಿಲ್ಲದೆ, ಟೋಕನ್ ಇಲ್ಲದೆ.
ಎರಡನೇ ಮಂಚದ ಹೆಡ್ ಕಾನ್ಸ್‌ಟೇಬಲ್
ಕಣ್ಣು ಮುಚ್ಚಿಯೇ ಎಂಜಲು ನುಂಗಿದ.
ನಾಲ್ಕರಲ್ಲಿ ಕಾಪುವಿನ ಹುಡುಗಿ, "ಚಟ್ನಿಗಾ?" ಅಂದಳು.
ಮೂರು ವಾರದಿಂದ ಗೋಡೆ ನೋಡಿ ಮಲಗಿದ್ದವಳು.
ಐದರಲ್ಲಿ ಭಟ್ಟರು ಶಾಲು ಮೂಗಿಗೆಳೆದು
"ಕಿಟಕಿ ಸ್ವಲ್ಪ ತೆಗಿ ಮಾರಾಯ್ತಿ."
ತೆಗೆದೆ.
ಪಡುಗಾಳಿ ಒಳಗೆ ಬಂತು.
ಅದರಲ್ಲೂ ಉಪ್ಪಿತ್ತು.

ಐವತ್ತೆರಡು ಕಿಲೋ ನೂರು.
"ಇಷ್ಟೇ ನಾನು," ಅಂದಳು ರುಕ್ಕಕ್ಕ,
ಮಂಚದಡಿ ಕಾಲಿನಿಂದ ಚಪ್ಪಲಿ ತಡಕುತ್ತ.